ಎಣ್ಣೆ ಕುಡಿಯುವುದನ್ನು ಬಿಟ್ಟ ಗಾಡಿ

ಲಕ್ಷ್ಮಿಕಾಂತನ ಗಾಡಿ ಸಿಕ್ಕಿತ್ತು, ಲಕ್ಷ್ಮಿಕಾಂತ ಸಿಕ್ಕಿರಲಿಲ್ಲ.

ಭಾಗ್ಯಲಕ್ಷ್ಮಿ ಬಾನೆಟ್ ಎತ್ತಿ ಕಂಬಿ ಸಿಕ್ಕಿಸಿದಳು. ಬೈಯಪ್ಪನಹಳ್ಳಿ ರೈಲು ಟರ್ಮಿನಲ್‌ನ ಪಾರ್ಕಿಂಗ್‌ನಲ್ಲಿ ಬೆಳಗಿನ ಬಿಸಿಲು ಆಗಲೇ ಕಾರುಗಳ ನೆತ್ತಿಯನ್ನು ಕಾಯಿಸಿತ್ತು. ಸಾಲಿನ ಕೊನೆಯಲ್ಲಿ, ಗೋಡೆಗೆ ಮೂತಿ ಒತ್ತಿಕೊಂಡು ನಿಂತಿದ್ದ ಬಿಳಿ ಟ್ಯಾಕ್ಸಿ ಅದು. ಗಾಜಿನ ಮೇಲೆ ಧೂಳು. ಒಳಗೆ ಡ್ಯಾಶ್‌ಬೋರ್ಡ್ ಮೇಲೆ ಒಣಗಿದ ಮಲ್ಲಿಗೆ.

"ಪೊಲೀಸರು ಶನಿವಾರನೇ ನೋಡ್ಕೊಂಡು ಹೋಗಿದ್ದಾರಕ್ಕಾ," ಎಂದ ಸುಗತ. ಹಲಸೂರು ಮಾರ್ಕೆಟ್ ಪಕ್ಕದ ಮಹಡಿಯ ಮೇಲಿರುವ ಅವಳ ಪತ್ತೇದಾರಿ ಆಫೀಸಿನಲ್ಲಿ ಅವನು ಪಾಲುದಾರ. "ಗಾಡಿ ರೈಲ್ವೆ ಸ್ಟೇಷನ್‌ನಲ್ಲಿ ನಿಂತಿದೆ, ಫೋನ್ ಆಫ್ ಆಗಿದೆ, ಅಂದ್ಮೇಲೆ ಆಸಾಮಿ ರೈಲು ಹತ್ತಿದ್ದಾನೆ. ಅವರ ಪ್ರಕಾರ ಕಥೆ ಮುಗೀತು."

"ರೈಲು ಹತ್ತಿದ್ರ ಊರಿಗೇ ಹೋಗ್ಬೇಕಲ್ರಿ ಅವ?" ಕಾವೇರಿ ಕೇಳಿದಳು. ಲಕ್ಷ್ಮಿಕಾಂತನ ತಂಗಿ. ಬಾಣಸವಾಡಿಯ ನರ್ಸಿಂಗ್ ಹೋಮ್ ಒಂದರಲ್ಲಿ ನರ್ಸ್; ಪಾಳಿ ಮುಗಿಸಿ ಬಿಳಿ ಬಟ್ಟೆಯಲ್ಲೇ ಓಡಿ ಬಂದಿದ್ದಳು. "ಯಾದಗಿರಿಗೆ ಫೋನ್ ಮಾಡೀನಿ. ಅವ್ವನ ಕಡಿ ಬಂದಿಲ್ಲ. ನನಗ ಹೇಳದ ಅವ ಹೊಸಕೋಟಿಗೂ ಹೋಗಾವ ಅಲ್ರಿ."

ಭಾಗ್ಯಲಕ್ಷ್ಮಿ ಇಂಜಿನ್ನಿನ ಮೇಲೆ ಬಾಗಿದಳು. ಆಯಿಲ್ ನೋಡುವ ಕಡ್ಡಿಯನ್ನು ಎಳೆದಳು, ಬಟ್ಟೆಯಿಂದ ಒರೆಸಿದಳು, ಮತ್ತೆ ಇಳಿಸಿ ಎಳೆದಳು. ಬೆಳಕಿಗೆ ಹಿಡಿದಳು; ಆಯಿಲ್ ಮೇಲಿನ ಗೆರೆಗೆ ತಾಗಿತ್ತು. ಎರಡನೆಯ ಸಲವೂ ಅದೇ. ಮೂರನೆಯ ಸಲವೂ ಅದೇ.

"ಕಾವೇರಿ, ನಿಮ್ಮಣ್ಣನ ಗಾಡಿ ಆಯಿಲ್ ಕುಡಿಯುತ್ತೆ ಅಂತ ನೀನೇ ಅಲ್ವಾ ಹೇಳಿದ್ದು?"

"ಕುಡಿಯೋದಂದ್ರ ಹೆಂಗ್ರಿ! ನಮ್ಮೂರ ಕುಡುಕರಾದ್ರೂ ಒಂದಿನ ಬಿಟ್ಟಾರು, ಇದು ಬಿಡ್ತಿದ್ದಿಲ್ಲ. ಡಿಕ್ಕಿಯೊಳಗ ಒಂದು ಡಬ್ಬಿ ಯಾವಾಗ್ಲೂ ಇರೋದು. ಟಿನ್ ಫ್ಯಾಕ್ಟರಿ ದಾಟಿದ್ರ ಸಾಕು, ನಿಂದ್ರಿಸಿ ಹಾಕಾವ. ಸಿಗ್ನಲ್‌ದಾಗ ನಿಂತ್ರ ಹಿಂದ ನೀಲಿ ಹೊಗಿ. ಸ್ಕೂಟರ್‌ನವರು ಮೂಗು ಮುಚ್ಚಿ ಬೈಕೋತ ಹೋಗೋರು."

"ಡಿಕ್ಕಿ ತೆಗಿ ಸುಗತ."

ಡಬ್ಬಿ ಇತ್ತು. ಹೊಸ ಡಬ್ಬಿ, ಮುಚ್ಚಳದ ಸೀಲು ಒಡೆದಿರಲಿಲ್ಲ. ಮೇಲೆ ಬೆರಳಿಟ್ಟರೆ ಗೆರೆ ಮೂಡುವಷ್ಟು ಧೂಳು.

ಭಾಗ್ಯಲಕ್ಷ್ಮಿ ಮಂಡಿಯೂರಿ ಸೈಲೆನ್ಸರ್ ಬಾಯೊಳಗೆ ಬೆರಳು ತೂರಿಸಿದಳು. ಹೊರಬಂದ ಬೆರಳಿಗೆ ಕರಿ ಅಂಟಿಕೊಂಡಿತ್ತು. ಒಣ ಮಸಿಯಲ್ಲ, ಜಿಡ್ಡು ಜಿಡ್ಡಾದ ಕರಿ. ಎಣ್ಣೆ ಸುಡುವ ಇಂಜಿನ್ನು ಬಹುಕಾಲ ಉಗುಳಿದ್ದ ಕರಿ ಅದು. ಪತ್ತೇದಾರಿ ಆಫೀಸು ತೆರೆಯುವ ಮೊದಲು ಅವಳು ವಾಹನ ವಿಮೆಯ ಸರ್ವೇಯರ್ ಆಗಿದ್ದವಳು. ಜಜ್ಜಿದ, ಸುಟ್ಟ, ಮುಳುಗಿದ ಗಾಡಿಗಳ ನಡುವೆ ಅರ್ಧ ಆಯುಷ್ಯ ಕಳೆದಿದ್ದವಳು. ಬೆರಳನ್ನು ಮೂಸಿ ನೋಡಿ ಎದ್ದಳು.

"ಮನೆಯಿಂದ ತಂದ ಇನ್ನೊಂದು ಕೀ ಕೊಡು ಕಾವೇರಿ. ಸೀಟ್ ಮಾತ್ರ ಯಾರೂ ಮುಟ್ಬೇಡಿ."

ಬಾಗಿಲು ತೆರೆದಾಗ ಅವಳು ಗಮನಿಸಿದ ಮೊದಲ ಸಂಗತಿಯೇ ಅದು. ಡ್ರೈವರ್ ಸೀಟು ಸ್ಟೀರಿಂಗಿಗೆ ಅಂಟಿಕೊಳ್ಳುವಷ್ಟು ಮುಂದಕ್ಕೆ ಬಂದಿತ್ತು. ಕನ್ನಡಿಯೂ ಕೆಳಕ್ಕೆ ಬಾಗಿತ್ತು.

"ನಿಮ್ಮಣ್ಣ ಎಷ್ಟು ಎತ್ತರ?"

"ನಮ್ಮ ಮನಿ ಬಾಗಿಲಿಗೆ ತಲಿ ಬಗ್ಗಿಸಿ ಬರ್ತಾನ್ರಿ."

"ಹಾಗಾದ್ರೆ ಈ ಗಾಡಿನ ಇಲ್ಲಿ ತಂದು ನಿಲ್ಲಿಸಿದ್ದು ಅವನಲ್ಲ. ಯಾರೋ ಕುಳ್ಳಗಿರೋರು."

ಕಾವೇರಿಯ ಕೈ ತನ್ನ ಬಾಯಿಗೆ ಹೋಯಿತು.

ಭಾಗ್ಯಲಕ್ಷ್ಮಿ ಹೇಗೋ ತೂರಿ ಕುಳಿತು ಕೀ ತಿರುಗಿಸಿದಳು. ಗಾಡಿ ಒಂದೇ ಏಟಿಗೆ ಎದ್ದಿತು. ಸುಗತ ಹಿಂದೆ ಹೋಗಿ ನಿಂತ. ಅವಳು ಆಕ್ಸಿಲರೇಟರ್ ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು.

"ಹೊಗೆ?"

"ಇಲ್ಲಕ್ಕಾ."

"ನೀಲಿ?"

"ನೀಲಿನೂ ಇಲ್ಲ, ಕಪ್ಪೂ ಇಲ್ಲ. ಹೊಸ ಗಾಡಿ ಇದ್ದಂಗಿದೆ."

ಅವಳು ಇಂಜಿನ್ ಆಫ್ ಮಾಡಿ ಇಳಿದಳು. ಸುಮ್ಮನೆ ನಿಲ್ಲಲಾಗದೆ ಗಾಡಿಯ ಸುತ್ತ ಒಂದು ಸುತ್ತು ಹಾಕಿದಳು. ಆಯಿಲ್ ಮೇಲಿನ ಗೆರೆಯವರೆಗೂ ತುಂಬಿತ್ತು, ಆದರೆ ಕಪ್ಪಾಗಿತ್ತು. ಅಂದರೆ ನಿನ್ನೆ ಮೊನ್ನೆ ಸುರಿದದ್ದಲ್ಲ. ವಾರಗಟ್ಟಲೆ ಓಡಿಯೂ ಇಳಿದಿಲ್ಲ. ಡಬ್ಬಿ ಒಡೆಯುವ ಅಗತ್ಯವೇ ಬಿದ್ದಿಲ್ಲ. ಸೈಲೆನ್ಸರ್ ಹಳೆಯದು, ಗಾಡಿ ಹಳೆಯದು, ಆದರೆ ನಡುವೆ ಇರುವ ಇಂಜಿನ್ನು ಬೇರೆ.

"ಆರ್‌ಸಿ ಫೋಟೋ ಇದ್ಯಾ ನಿನ್ ಫೋನಲ್ಲಿ?"

ಇತ್ತು. ಸುಗತ ಟಾರ್ಚ್ ಹಿಡಿದ. ಇಂಜಿನ್ನಿನ ಮೈಮೇಲೆ ಕೊರೆದ ಸಂಖ್ಯೆಯ ಜಿಡ್ಡನ್ನು ಭಾಗ್ಯಲಕ್ಷ್ಮಿ ಉಜ್ಜಿದಳು. ಎರಡೂ ಸಂಖ್ಯೆಗಳು ಮೊದಲ ಅಕ್ಷರಗಳಾಚೆ ಎಲ್ಲಿಯೂ ಹೊಂದಲಿಲ್ಲ. ಇಂಜಿನ್ನನ್ನು ಹಿಡಿದಿದ್ದ ಬೋಲ್ಟುಗಳು ಥಳಥಳ ಹೊಳೆಯುತ್ತಿದ್ದವು.

"ಈ ನಂಬರ್ ಯಾವ ಗಾಡೀದು ಅಂತ ನಿನ್ನ ಆರ್‌ಟಿಒ ದೋಸ್ತಿಗೆ ಕಳಿಸು. ಈಗಲೇ." ನಂತರ ಕಾವೇರಿಯ ಕಡೆ ತಿರುಗಿದಳು. "ಇಂಜಿನ್ ಬದಲಾಯಿಸಿದೀನಿ ಅಂತ ಅವನು ಏನಾದ್ರೂ ಹೇಳಿದ್ನಾ?"

"ಹಂಗೇನೂ ಹೇಳಿಲ್ರಿ." ಕಾವೇರಿ ನೆನಪಿಸಿಕೊಂಡಳು. "ಗಾಡಿ ಈಗ ಶಾಣ್ಯಾ ಆಗ್ಯದ, ಎಣ್ಣಿ ಬಿಟ್ಟದ ಅಂತ ನಗ್ತಿದ್ದ. ಆಮ್ಯಾಲ ಗುರುವಾರ ಫೋನ್ ಮಾಡಿದಾಗ ನಗು ಇರ್ಲಿಲ್ಲ. ಎಫ್‌ಸಿ ಬಂದದ, ಅದಕ್ಕ ಒಬ್ರ ಸಹಿ ಬೇಕು, ನಾಳೆ ಇಂದಿರಾನಗರಕ್ಕ ಹೋಗ್ತೀನಿ ಅಂದ. ಯಾರ ಸಹಿ ಅಂದ್ರ ಫೋನ್ ಇಟ್ಟ."

ಎಫ್‌ಸಿ ಎಂದರೆ ಟ್ಯಾಕ್ಸಿಗಳಿಗೆ ಆರ್‌ಟಿಒದಲ್ಲಿ ಆಗುವ ತಪಾಸಣೆ. ಅಲ್ಲಿ ಇಂಜಿನ್ ನಂಬರನ್ನೂ ನೋಡುತ್ತಾರೆ.

"ಗಾಡಿ ರಿಪೇರಿ ಎಲ್ಲಿ ಮಾಡಿಸ್ತಿದ್ದ?"

"ಭೀಮೇಶಣ್ಣನ ಕಡಿ. ನಮ್ಮ ರಾಮಮೂರ್ತಿ ನಗರದಾಗೇ."

"ಹತ್ತಿ ಇಬ್ರೂ. ಇದೇ ಗಾಡೀಲಿ ಹೋಗೋಣ."

"ಸೀಟ್ ಹಿಂದಕ್ಕೆ ತಳ್ಳಕ್ಕಾ, ಮಂಡಿ ಮುರ್ಕೋತೀಯ."

"ಮುರೀಲಿ," ಎಂದಳು ಭಾಗ್ಯಲಕ್ಷ್ಮಿ.

*

ದಾರಿಯುದ್ದಕ್ಕೂ ಭಾಗ್ಯಲಕ್ಷ್ಮಿಯ ಕಣ್ಣು ಒಂದೇ ಕಡೆ ನಿಲ್ಲಲಿಲ್ಲ. ಬಾಣಸವಾಡಿಯಲ್ಲಿ ಸಿಗ್ನಲ್ ಕೆಂಪಾದಾಗ ಕನ್ನಡಿ ನೋಡಿದಳು. ಬೂದು ಬಣ್ಣದ ಒಂದು ಕಾರು, ಎರಡು ಆಟೋ, ಒಂದು ನೀರಿನ ಟ್ಯಾಂಕರ್. ಹಸಿರಾಯಿತು. ಬೂದು ಕಾರು ಎಡಕ್ಕೆ ತಿರುಗಿ ಹೋಯಿತು. ಇಂಜಿನ್ನು ಬೆಣ್ಣೆಯಂತೆ ಓಡುತ್ತಿತ್ತು. ಅಷ್ಟು ನಯವಾಗಿ ಓಡುವುದೇ ಅವಳನ್ನು ಕಂಗೆಡಿಸಿತು.

ಭೀಮೇಶನ ಗ್ಯಾರೇಜು ಮುಖ್ಯರಸ್ತೆಯಿಂದ ಒಳಗೆ, ಬಾಡಿಗೆ ಮನೆಗಳ ಸಾಲಿನ ಮೂಲೆಯಲ್ಲಿತ್ತು. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಗೆ ಒರಗಿದ ಟೈರುಗಳು. ಭೀಮೇಶ ಯಾವುದೋ ಆಟೋದ ಕೆಳಗಿನಿಂದ ಎದ್ದು ಬಂದ. ಕೆ.ಆರ್. ಪುರಂ ಕಡೆಯ ಮನುಷ್ಯ, ಭಾರಿ ಆಳು. ಎದ್ದು ನಿಂತರೆ ಮಾಡಿನ ಅರ್ಧ ಬೆಳಕನ್ನು ಮರೆಮಾಡುವಂಥ ಮೈಕಟ್ಟು.

ಗಾಡಿಯನ್ನು ನೋಡಿ ಅವನ ಮುಖ ಅರಳಿತು. ಡ್ರೈವರ್ ಬಾಗಿಲಿನಿಂದ ಇಳಿದದ್ದು ಲಕ್ಷ್ಮಿಕಾಂತನಲ್ಲ ಎಂದು ಕಂಡಾಗ ಮುದುಡಿತು.

"ಏನ್ ಮೇಡಂ, ಗಾಡಿ ಪ್ರಾಬ್ಲಮ್ಮಾ?"

"ಪ್ರಾಬ್ಲಮ್ ಇಲ್ಲ ಅನ್ನೋದೇ ಪ್ರಾಬ್ಲಮ್. ಇದು ಆಯಿಲ್ ಕುಡೀತಿತ್ತಂತೆ. ಈಗ ಕುಡೀತಿಲ್ಲ. ಏನ್ ಮಾಡಿದ್ರಿ?"

"ರಿಂಗ್ ಹೋಗಿತ್ತು. ಹೊಸ ರಿಂಗ್ ಹಾಕ್ದೆ, ಅಷ್ಟೇ."

"ರಿಂಗ್ ಹಾಕಿದ್ರೆ ಇಂಜಿನ್ ನಂಬರೂ ಬದಲಾಗುತ್ತಾ?"

ಭೀಮೇಶ ಕೈಯಲ್ಲಿದ್ದ ಬಟ್ಟೆಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳತೊಡಗಿದ. "ನೀವ್ಯಾರು? ಪೊಲೀಸಾ?"

"ಪೊಲೀಸರಾಗಿದ್ರೆ ನೀವು ಇಷ್ಟೊತ್ತಿಗೆ ಜೀಪಲ್ಲಿರ್ತಿದ್ರಿ. ಇವಳನ್ನ ನೋಡಿ. ಲಕ್ಷ್ಮಿಕಾಂತನ ತಂಗಿ. ಶುಕ್ರವಾರದಿಂದ ಅವನಿಲ್ಲ. ನಾನು ಹುಡುಕ್ತಿದೀನಿ."

"ಇಲ್ವಾ?" ಅವನ ದನಿಯಲ್ಲಿ ಸುಳ್ಳಿರಲಿಲ್ಲ, ಭಯವಿತ್ತು. "ಇಲ್ಲ ಅಂದ್ರೆ?"

"ಬನ್ನಿ, ಈ ಸೀಟಲ್ಲಿ ಒಂದ್ ಸಲ ಕೂತ್ಕೊಳ್ಳಿ."

ಅವನಿಗೆ ಅರ್ಥವಾಗಲಿಲ್ಲ. ಆದರೂ ಬಂದ. ಒಂದು ಕಾಲು ಒಳಗಿಟ್ಟ. ಹೊಟ್ಟೆ ಸ್ಟೀರಿಂಗಿಗೆ ತಾಗಿ ಅಲ್ಲಿಗೇ ನಿಂತಿತು. ಎರಡನೆಯ ಕಾಲು ಹೊರಗೇ ಉಳಿಯಿತು.

"ಸಾಕು. ಗಾಡಿ ಬಿಟ್ಟುಬಂದೋರು ನೀವಲ್ಲ ಅಂತ ಗೊತ್ತಾಯ್ತು. ಈಗ ಇಂಜಿನ್ ಯಾರದು ಹೇಳಿ."

"ಶಿವಾಜಿನಗರದಲ್ಲಿ ಸೆಕೆಂಡ್‌ಹ್ಯಾಂಡ್ ತಂದೆ ಮೇಡಂ. ಅಲ್ಲಿ ರಾಶಿ ಬಿದ್ದಿರುತ್ತೆ. ಯಾರದು ಅಂತ ಯಾರು ಕೇಳ್ತಾರೆ?"

ಆಗ ಬಾಗಿಲ ಬಳಿ ಫೋನಿನಲ್ಲಿ ಮಾತಾಡುತ್ತಿದ್ದ ಸುಗತ ಒಳಗೆ ಬಂದ. ಭಾಗ್ಯಲಕ್ಷ್ಮಿಯ ಕಿವಿಯಲ್ಲಿ ಎರಡು ಮಾತು ಹೇಳಿದ. ಅವಳು ಅವನನ್ನೇ ನೋಡಿದಳು.

"ಇನ್ನೊಂದ್ ಸಲ ಹೇಳು."

"ಇದೇ ಕಂಪನಿ, ಇದೇ ಮಾಡೆಲ್, ವೈಟ್ ಬೋರ್ಡ್ ಗಾಡಿ. ಓನರ್ ಹೆಸರು ಸೂರ್ಯ, ಇಂದಿರಾನಗರ. ಗಾಡಿ ರಿಜಿಸ್ಟ್ರೇಷನ್ ಕ್ಯಾನ್ಸಲ್ ಆಗಿದೆ. ಹೋದ್ ವರ್ಷ ಬೂದಿಗೆರೆ ಕ್ರಾಸ್ ಆಚೆ ಹಳ್ಳಕ್ಕೆ ಬಿದ್ದು ಪೂರ್ತಿ ಸುಟ್ಟುಹೋಯ್ತು. ಓನರೂ ಒಳಗೇ ಇದ್ದ."

ತಗಡಿನ ಮೇಲೆ ಎಲ್ಲಿಂದಲೋ ಒಂದು ಕಾಗೆ ಕುಳಿತು ಕೆರೆಯಿತು. ಭೀಮೇಶ ಟೈರುಗಳ ಮೇಲೆ ಕುಸಿದು ಕುಳಿತ.

"ಪೂರ್ತಿ ಸುಟ್ಟ ಗಾಡಿಯ ಇಂಜಿನ್ ಇದು," ಭಾಗ್ಯಲಕ್ಷ್ಮಿ ಬಾನೆಟ್ಟಿನ ಮೇಲೆ ಕೈಯಿಟ್ಟಳು. "ಒಂದು ವೈರ್ ಕೂಡ ಕರಗಿಲ್ಲ. ಹೇಗೆ ಭೀಮೇಶ್?"

ಅವನು ನೆಲದ ಎಣ್ಣೆ ಕಲೆಯನ್ನು ಕಾಲಿನಿಂದ ಉಜ್ಜಿದ.

"ಶಿವಾಜಿನಗರ ಅಂತೀರಾ ಈಗಲೂ?"

"ಇಲ್ಲ." ಅವನು ಬಾಯಿ ಬಿಟ್ಟ. "ಸೂರ್ಯ ಸಾರ್ ನಮ್ಮ ಹಳೇ ಕಸ್ಟಮರ್. ಸೈಟ್ ಬಿಸಿನೆಸ್ಸು. ಆ ಆಕ್ಸಿಡೆಂಟ್ ಆಗೋಕೆ ಮುಂಚೆ ಒಂದಿನ ಗಾಡಿ ತಂದ್ರು. ಇಂಜಿನ್ ಇಳಿಸಿ, ಗುಜರಿಗೆ ಹಾಕೋ ಇಂಜಿನ್ ಯಾವ್ದಾದ್ರೂ ಇದ್ರೆ ಕೂರಿಸು ಅಂದ್ರು. ಯಾಕ್ ಸಾರ್, ಇದು ಚೆನ್ನಾಗೇ ಇದೆಯಲ್ಲ ಅಂದೆ. ಗಾಡಿ ಕೊಟ್ಟುಬಿಡ್ತಿದೀನಿ, ಒಳ್ಳೇ ಇಂಜಿನ್ ಯಾಕ್ ಕೊಡ್ಲಿ, ಟಾರ್ಪಾಲ್ ಮುಚ್ಚಿಡು, ಆಮೇಲೆ ಬಂದು ತಗೋತೀನಿ ಅಂದ್ರು."

"ಬರಲಿಲ್ಲ."

"ಪೇಪರಲ್ಲಿ ಫೋಟೋ ಬಂತು. ಸತ್ತೋರು ಹೆಂಗ್ ಬರ್ತಾರೆ ಮೇಡಂ?"

"ಅವತ್ತೇ ಯಾಕೆ ಹೇಳಲಿಲ್ಲ?"

"ಯಾರಿಗೆ ಹೇಳ್ಲಿ? ಹೇಳಿದ್ರೆ ನನ್ನೇ ಹಿಡ್ಕೊಳ್ಳೋರು. ಸುಮ್ನಾದೆ. ಲಕ್ಷ್ಮಿಕಾಂತ ಬಂದಾಗೆಲ್ಲಾ ಆಯಿಲ್ ಆಯಿಲ್ ಅಂತ ಪ್ರಾಣ ತಿಂತಿದ್ದ. ಎಷ್ಟ್ ಸಲ ಟೈಟ್ ಮಾಡಿದ್ರೂ ಹೊಗೆ ನಿಲ್ತಿರ್ಲಿಲ್ಲ. ಆ ಇಂಜಿನ್ನು ಮೂಲೇಲಿ ಸುಮ್ನೆ ಬಿದ್ದಿತ್ತು. ಕೂರಿಸ್ಬಿಟ್ಟೆ." ಅವನು ಕಾವೇರಿಯ ಕಡೆ ನೋಡಿದ. "ಒಳ್ಳೇದಾಗ್ಲಿ ಅಂತಾನೇ ಮಾಡ್ದೆ ಕಣಮ್ಮಾ."

"ಆಮೇಲೆ?"

"ಎಫ್‌ಸಿಗೆ ಹೋಗ್ಬೇಕು, ಇಂಜಿನ್ ಓನರ್ ಸಹಿ ಬೇಕು, ಯಾರು ಹೇಳು ಅಂತ ಗುರುವಾರ ಬಂದು ಕೂತ. ಬಿಡೋನೇ ಅಲ್ಲ. ಸೂರ್ಯ ಸಾರ್ ಹೆಸರು, ಮನೆ ಹೇಳ್ದೆ. ಅವರಿಲ್ಲ, ಹೆಂಡ್ತಿ ಬೃಂದಾ ಮೇಡಂ ಇದಾರೆ, ಹೋಗಿ ಕೇಳು ಅಂದೆ."

ಭಾಗ್ಯಲಕ್ಷ್ಮಿ ಅವನೆದುರು ಕುಕ್ಕುರುಗಾಲಿನಲ್ಲಿ ಕುಳಿತಳು. ಅವನ ಕಣ್ಣು ಅವಳ ಕಣ್ಣಿಗೆ ಸಿಗದೆ ಆಚೀಚೆ ಓಡಾಡುತ್ತಿತ್ತು.

"ಇನ್ನೂ ಏನೋ ಇದೆ. ಅದನ್ನೂ ಹೇಳಿ."

"ಏನೂ ಇಲ್ಲ ಮೇಡಂ."

"ಅವನು ಇಲ್ಲ ಅಂತ ನಾನು ಅಂದಾಗ ನಿಮ್ಮ ಮುಖ ನೋಡಿದೆ ನಾನು."

ಭೀಮೇಶ ಎರಡೂ ಕೈಗಳಿಂದ ಮುಖ ಉಜ್ಜಿಕೊಂಡ. ಕೈಯ ಎಣ್ಣೆ ಕೆನ್ನೆಗೆ ಮೆತ್ತಿತು.

"ಅದಕ್ಕೂ ಮುಂಚೆ ಒಂದ್ ಫೋನ್ ಬಂದಿತ್ತು. ಗೊತ್ತಿಲ್ದಿರೋ ನಂಬರು. 'ಟಾರ್ಪಾಲ್ ಕೆಳಗಿರೋ ಸಾಮಾನು ಹುಷಾರಾಗಿದ್ಯೇನೋ ಭೀಮೇಶಾ' ಅಂತು. ನನ್ನ ಭೀಮೇಶಾ ಅಂತ ಎಳೆದು ಕರಿಯೋರು ಒಬ್ರೇ ಇದ್ದಿದ್ದು ಮೇಡಂ."

"ಸೂರ್ಯ."

"ಹೆಸರು ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಇಂಜಿನ್ ಇಲ್ಲ, ಬೇರೆ ಗಾಡಿಗೆ ಹಾಕ್ದೆ ಅಂದೆ. ಯಾವ ಗಾಡಿ ಅಂದ್ರು."

"ಹೇಳಿದ್ರಾ?"

"ಹೇಳ್ಬಿಟ್ಟೆ. ಗಾಡಿ ನಂಬರು, ಡ್ರೈವರ್ ಹೆಸರು, ಫೋನ್ ನಂಬರು." ಅವನು ಕಾವೇರಿಯ ಕಡೆಯಿಂದ ಮುಖ ತಿರುಗಿಸಿದ. "ತಂಗಿ ಜೊತೆ ಇಲ್ಲೇ ಇದಾನೆ, ಅವಳು ಬಾಣಸವಾಡೀಲಿ ನರ್ಸು ಅಂತಾನೂ ಹೇಳ್ದೆ. ಕೇಳ್ತಾನೇ ಹೋದ್ರು ಮೇಡಂ, ನಾನು ಹೇಳ್ತಾನೇ ಹೋದೆ."

ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದ ಕಾವೇರಿ ಒಂದೇ ಹೆಜ್ಜೆಗೆ ಅವನ ಮೇಲೆರಗಿದಳು. ಅವಳ ಹಿಡಿಯಲ್ಲಿ ಅವನ ಅಂಗಿಯ ಗುಂಡಿ ಕಿತ್ತು ಬಂದಿತು.

"ಸತ್ತವಗ ನಮ್ಮಣ್ಣನ ವಿಳಾಸ ಕೊಟ್ಟಿ ಏನಲೇ? ನಿನ್ನ ಮನಿಗೆ ಬಂದು ಉಂಡು ಹೋದಾವ ಅವ! ನಿನ್ನ ಮಗಳ ಜ್ವರಕ್ಕ ನಾ ರಾತ್ರೆಲ್ಲಾ ಕುಂತೀನಿ!"

ಅಷ್ಟು ದೊಡ್ಡ ಆಳು ಕೈ ಎತ್ತಲಿಲ್ಲ. ಅವಳು ಹೊಡೆದಷ್ಟೂ ಹೊಡೆಸಿಕೊಂಡ. ಭಾಗ್ಯಲಕ್ಷ್ಮಿ ಅವಳನ್ನು ಹಿಂದಿನಿಂದ ಹಿಡಿದು ಬಿಡಿಸಿದಳು.

"ಅತ್ತು ಕೂರೋಕೆ ಟೈಮಿಲ್ಲ. ಬಾ."

ಬಾಗಿಲಲ್ಲಿ ಅವಳು ಸುಗತನಿಗೆ ತಗ್ಗಿದ ದನಿಯಲ್ಲಿ ಹೇಳಿದಳು: "ನೀನಿಲ್ಲೇ ಇರು. ಇವನು ಯಾರಿಗೂ ಫೋನ್ ಮಾಡಬಾರದು. ಆ ಧ್ವನಿ ಮತ್ತೆ ಫೋನ್ ಮಾಡಿದ್ರೆ, ನೀನು ಕೇಳಿಸ್ಕೋಬೇಕು."

"ಅಕ್ಕಾ, ಸೂರ್ಯ ಬದುಕಿದ್ರೆ ಆ ಗಾಡೀಲಿ ಸುಟ್ಟುಹೋದೋನು ಯಾರು?"

ಅವಳೂ ಅದನ್ನೇ ಯೋಚಿಸುತ್ತಿದ್ದಳು. ಗಾಡಿ ಹತ್ತಿದಳು.

*

ಟಿನ್ ಫ್ಯಾಕ್ಟರಿಯಲ್ಲಿ ಎಂದಿನಂತೆ ಎಲ್ಲವೂ ನಿಂತಿತ್ತು. ತೂಗುಸೇತುವೆಯ ಕಡೆಯಿಂದ ಬಸ್ಸುಗಳು, ಮೆಟ್ರೊ ಕಂಬಗಳ ನೆರಳಿನಲ್ಲಿ ಜನ, ಹಾರ್ನಿನ ಮೇಲೆ ಹಾರ್ನು. ಗಾಡಿ ಒಂದು ಗಜ ಮುಂದೆ ಹೋಗುವುದು, ನಿಲ್ಲುವುದು. ಕಾವೇರಿ ಅಣ್ಣನ ನಂಬರಿಗೆ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದಳು. ಪ್ರತಿ ಸಲವೂ ಸ್ವಿಚ್ ಆಫ್ ಆಗಿದೆ ಎಂಬ ಅದೇ ಹೆಣ್ಣು ದನಿ ಕೇಳಿ ಕತ್ತರಿಸುತ್ತಿದ್ದಳು.

"ಆ ಹೆಂಗಸೂ ಗಂಡನ ಜೋಡಿ ಸೇರ್ಯಾಳೇನ್ರಿ?"

"ಗೊತ್ತಿಲ್ಲ."

"ಅಕಿ ಕುಳ್ಳಗಿದ್ದಾಳೇನೋ."

ಭಾಗ್ಯಲಕ್ಷ್ಮಿಯ ಮಂಡಿ ಸ್ಟೀರಿಂಗಿಗೆ ಒತ್ತಿ ಜೋಮು ಹಿಡಿದಿತ್ತು. "ನೋಡೋಣ," ಎಂದಳು.

ಇಂದಿರಾನಗರದ ನೂರಡಿ ರಸ್ತೆಯ ಗದ್ದಲದ ಹಿಂದೆ, ಒಂದು ಕ್ರಾಸಿನಲ್ಲಿ ಹಳೆಯ ಕಾಲದ ಮನೆ ಅದು. ಎರಡೂ ಬದಿಗೆ ಗಾಜಿನ ಹೋಟೆಲುಗಳು ಎದ್ದು ಅದನ್ನು ನಡುವೆ ಅಮುಕಿದ್ದವು. ಗ್ರಿಲ್ ಬಾಗಿಲಿನ ಹಿಂದೆ ಬಂದು ನಿಂತ ಹೆಂಗಸು ಭಾಗ್ಯಲಕ್ಷ್ಮಿಯ ಭುಜಕ್ಕೂ ಬರುತ್ತಿರಲಿಲ್ಲ. ನಲವತ್ತರ ಆಚೀಚೆ. ಹತ್ತಿ ಸೀರೆ, ಕಣ್ಣ ಕೆಳಗೆ ನಿದ್ದೆ ಕಾಣದ ಕಪ್ಪು.

ಅವಳು ಇವರ ಮುಖವನ್ನು ನೋಡಲೇ ಇಲ್ಲ. ಗೇಟಿನಾಚೆ ನಿಂತಿದ್ದ ಬಿಳಿ ಟ್ಯಾಕ್ಸಿಯನ್ನೇ ನೋಡಿದಳು.

"ಇದನ್ನ ಇಲ್ಲಿಗೆ ಯಾಕ್ ತಂದ್ರಿ?"

"ಗಾಡಿ ಯಾರದು ಅಂತ ಕೇಳ್ಬೇಕಿತ್ತು ನೀವು," ಎಂದಳು ಭಾಗ್ಯಲಕ್ಷ್ಮಿ. "ಎಲ್ಲಿಂದ ತಂದ್ರಿ ಅಂತ ಕೂಡ ಕೇಳಲಿಲ್ಲ. ಯಾಕಂದ್ರೆ ಟರ್ಮಿನಲ್‌ನಲ್ಲಿ ಅದನ್ನ ಬಿಟ್ಟುಬಂದಿದ್ದು ನೀವೇ. ಅಲ್ವಾ ಬೃಂದಾ?"

ಬೃಂದಾ ಗ್ರಿಲ್ಲಿನ ಸರಳು ಹಿಡಿದುಕೊಂಡಳು. "ನೀವು ಅವರ ಕಡೆಯೋರಾ?"

"ನಾ ಲಕ್ಷ್ಮಿಕಾಂತನ ತಂಗಿ," ಕಾವೇರಿ ಮುಂದೆ ಬಂದಳು. "ನಮ್ಮಣ್ಣ ಎಲ್ಲದಾನ ಹೇಳ್ರಿ. ಜೀವಂತ ಅದಾನೋ ಇಲ್ಲೋ ಅಷ್ಟರೆ ಹೇಳ್ರಿ."

ಬೃಂದಾ ಅವಳ ಬಿಳಿ ಬಟ್ಟೆಯನ್ನು, ಮುಖವನ್ನು ನೋಡಿದಳು. ಏನೋ ಹೋಲಿಕೆ ಕಂಡಿತೇನೋ. ಅವಳ ಬೆರಳುಗಳು ಸಡಿಲಾದವು. ಬಾಗಿಲು ತೆರೆದಳು.

"ಕಾವೇರಿ ಅಲ್ವಾ? ಒಳಗೆ ಬಾಮ್ಮ, ಬೇಗ."

ಹಾಲಿನ ಗೋಡೆಯ ಮೇಲೆ ಸೂರ್ಯನ ಫೋಟೋ ಇತ್ತು. ಗಂಧದ ಹಾರ ತೆಗೆದು ಪಕ್ಕದ ಕಪಾಟಿನ ಮೇಲಿಟ್ಟಿದ್ದಳು. ಬೃಂದಾ ಕೂರಲಿಲ್ಲ, ಕೂರಿಸಲೂ ಇಲ್ಲ. ಪರದೆ ಎಳೆದು ನಿಂತೇ ಮಾತಾಡಿದಳು.

"ಶುಕ್ರವಾರ ನಿಮ್ಮಣ್ಣ ಬಂದ್ರು. ಇಂಜಿನ್ ವಿಷಯ ಹೇಳಿ ಸಹಿ ಬೇಕು ಅಂದ್ರು. ನಾನು ನಂಬಲಿಲ್ಲ. ಆ ಗಾಡಿ ಸುಟ್ಟುಹೋಗಿದೆ, ನಾನೇ ಕಣ್ಣಾರೆ ನೋಡಿದೀನಿ ಅಂದೆ. ಬಂದು ನಂಬರ್ ನೋಡಿ ಮೇಡಂ ಅಂತ ಕರ್ಕೊಂಡು ಹೋಗಿ ತೋರಿಸಿದ್ರು. ಅಷ್ಟರಲ್ಲಿ ಅವರ ಫೋನ್ ಬಡ್ಕೊಳ್ತು. ಯಾರೋ ಎರಡು ದಿನದಿಂದ ಪೀಡಿಸ್ತಿದಾರೆ, ಗಾಡಿ ಮಾರು ಅಂತಾರೆ ಅಂತ ಹೇಳಿ ಸ್ಪೀಕರ್‌ಗೆ ಹಾಕಿದ್ರು."

ಅವಳು ಗೋಡೆಯ ಫೋಟೋ ಕಡೆ ತಿರುಗಿದಳು.

"ಆ ಧ್ವನಿ ನನ್ನ ಗಂಡಂದು."

"ಖಂಡಿತಾನಾ?"

"ಹದಿನೈದು ವರ್ಷ ಸಂಸಾರ ಮಾಡಿದೀನಿ ಮೇಡಂ. ಒಂದೇ ಸೈಟನ್ನ ಹತ್ತು ಜನಕ್ಕೆ ಮಾರೋವಾಗ್ಲೂ ಆ ಧ್ವನಿ ನಡುಗ್ತಿರ್ಲಿಲ್ಲ. ಅವತ್ತೂ ನಡುಗ್ಲಿಲ್ಲ. 'ನಿನ್ನ ತಂಗಿ ಬಾಣಸವಾಡೀಲಿ ಎಷ್ಟು ಗಂಟೆಗೆ ಡ್ಯೂಟಿ ಬಿಡ್ತಾಳೆ ಅಂತ ನನಗೆ ಗೊತ್ತು, ಪೊಲೀಸ್ ಗಿಲೀಸ್ ಅಂದ್ರೆ ನೋಡ್ಕೋ' ಅಂದ್ರು. ನಾನು ಒಂದು ವರ್ಷ ಬರೀ ಬೂದಿಗೆ ಅತ್ತಿದೀನಿ. ಯಾರ ಬೂದಿಗೋ!"

ಬೃಂದಾ ಕಾವೇರಿಯ ಕಡೆ ತಿರುಗಿದಳು.

"ನಿಮ್ಮಣ್ಣ ಅವತ್ತೇ ಫೋನ್ ಆಫ್ ಮಾಡಿದ್ರು. ಮನೆಗೆ ಹೋದ್ರೆ ನಿನಗೇ ತೊಂದರೆ ಅಂತ ಹೋಗಲಿಲ್ಲ. ರೈಲು ಹತ್ತಿ ಊರಿಗೆ ಓಡಿಹೋಗಿದಾರೆ ಅಂತ ನನ್ನ ಗಂಡ ನಂಬಲಿ ಅಂತ ನಾನೇ ಗಾಡಿ ಟರ್ಮಿನಲ್‌ನಲ್ಲಿ ಬಿಟ್ಟು ಮೆಟ್ರೊ ಹತ್ತಿ ವಾಪಸ್ ಬಂದೆ. ಆ ಇಂಜಿನ್ ಒಂದೇ ನಮಗಿರೋ ಸಾಕ್ಷಿ, ಜನ ಓಡಾಡೋ ಕಡೆ ಅದನ್ನ ಯಾರೂ ಮುಟ್ಟಲ್ಲ ಅಂದ್ಕೊಂಡೆ. ಇವತ್ತು ನಮ್ಮ ವಕೀಲರು ಊರಿಂದ ಬರ್ತಾರೆ, ಅವರ ಜೊತೆ ಕಮಿಷನರ್ ಹತ್ರ ಹೋಗೋದು ಅಂತಿತ್ತು."

"ಅಂದ್ರ ನಮ್ಮಣ್ಣ?"

ಬೃಂದಾ ಮೊದಲ ಬಾರಿಗೆ ನಕ್ಕಂತೆ ಮಾಡಿದಳು. "ಮೇಲಿದಾರಮ್ಮ. ತಾರಸಿ ರೂಮಲ್ಲಿ. ಕೆಲಸದೋರ ಕಣ್ಣಿಗೆ ಬೀಳಬಾರದು ಅಂತ ಹೊರಗಿಂದ ಬೀಗ ಹಾಕಿದೀನಿ. ಈಗ ತಾನೆ ಕಾಫಿ ಕೊಟ್ಟು ಬಂದೆ."

ಕಾವೇರಿ ಅವಳ ಮಾತು ಮುಗಿಯುವ ಮೊದಲೇ ಮೆಟ್ಟಿಲಿನ ಕಡೆ ಓಡಿದ್ದಳು. "ಅಣ್ಣಾ! ಅಣ್ಣಾ, ನಾ ಬಂದೀನೋ!"

ಭಾಗ್ಯಲಕ್ಷ್ಮಿಯೂ ಹಿಂದೆಯೇ ಹತ್ತಿದಳು. ಮೇಲಿನಿಂದ ಉತ್ತರ ಬರಲಿಲ್ಲ. ಒಂದು ಕೂಗಿಗೆ ಬಾರದಿದ್ದರೆ ಎರಡನೆಯದಕ್ಕಾದರೂ ಬರಬೇಕಿತ್ತು.

ತಾರಸಿಯಲ್ಲಿ ಕಣ್ಣು ಕೋರೈಸುವ ಬಿಸಿಲು. ರೂಮಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಫ್ಯಾನು ತಿರುಗುತ್ತಿತ್ತು. ಮಡಿಸದ ಹಾಸಿಗೆ, ಮಗುಚಿ ಬಿದ್ದ ಒಂದು ಚಪ್ಪಲಿ. ಕಿಟಕಿಯ ಕಟ್ಟೆಯ ಮೇಲೆ ಲೋಟದ ತುಂಬ ಕಾಫಿ. ಕಾವೇರಿ ಅದನ್ನು ಮುಟ್ಟಿದಳು.

"ಇನ್ನ ಬೆಚ್ಚಗದ ಅಕ್ಕಾರ," ಎಂದಳು.

ಭಾಗ್ಯಲಕ್ಷ್ಮಿ ತಾರಸಿಯ ಹಿಂಬದಿಗೆ ಓಡಿದಳು. ಅಲ್ಲೊಂದು ಕಬ್ಬಿಣದ ಸುತ್ತು ಏಣಿ, ಹಿಂದಿನ ಓಣಿಗೆ ಇಳಿಯುತ್ತಿತ್ತು. ಓಣಿ ಖಾಲಿ. ಹೋಟೆಲಿನವರ ನೀರಿನ ಕ್ಯಾನುಗಳು ಮಾತ್ರ.

ತಿರುಗಿ ಬಂದಾಗ ಬೃಂದಾ ಬಾಗಿಲೆದುರು ಮರದಂತೆ ನಿಂತಿದ್ದಳು. ಅವಳ ಕಣ್ಣು ಬೀಗದ ಮೇಲಿತ್ತು. ಬೀಗ ಮುರಿದಿರಲಿಲ್ಲ. ಬಾಯಿ ತೆರೆದು ಚಿಲಕಕ್ಕೆ ನೇತಾಡುತ್ತಿತ್ತು. ಕೀ ಅದರಲ್ಲೇ ಇತ್ತು.

"ಅವಸರದಲ್ಲಿ ಕೀ ಇಲ್ಲೇ ಬಿಟ್ಟು ಇಳಿದ್ರಾ?" ಭಾಗ್ಯಲಕ್ಷ್ಮಿ ಕೇಳಿದಳು.

ಬೃಂದಾ ಸೆರಗಿನ ತುದಿಯ ಗಂಟು ಬಿಚ್ಚಿದಳು. ಅವಳ ಅಂಗೈಯಲ್ಲಿ ಅಂಥದ್ದೇ ಇನ್ನೊಂದು ಕೀ ಇತ್ತು.

"ಈ ಬೀಗಕ್ಕೆ ಇದ್ದಿದ್ದೇ ಎರಡು ಮೇಡಂ," ಎಂದಳು. "ಇನ್ನೊಂದು ನನ್ನ ಗಂಡನ ಗೊಂಚಲಲ್ಲಿತ್ತು. ಗಾಡಿ ಜೊತೆ ಕರಗಿಹೋಯ್ತು ಅಂತ ಪೊಲೀಸರು ಹೇಳಿದ್ರು."